ಬೆನ್ನುಮೂಳೆಯ ಬಿಲ್ಲು ಮತ್ತು ಶಾಸನಸಭೆ



ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡ ಕೆಲಸಗಾರ ಪರಿಹಾರ ಬೇಕೆಂದರೆ ನೂರಿಪ್ಪತ್ತು ವರ್ಷದ ಹಿಂದಿನ ಅಮೆರಿಕದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. ಅಲ್ಲಿ ಮಾಲೀಕನ ವಕೀಲರ ಬಳಿ ಮೂರು ವಾದಗಳು ಸದಾ ಸಿದ್ಧವಾಗಿರುತ್ತಿದ್ದವು. ಅಪಾಯ ಗೊತ್ತಿದ್ದೇ ನೀನು ಕೆಲಸಕ್ಕೆ ಸೇರಿದೆ. ತಪ್ಪು ನಿನ್ನ ಜೊತೆಗಾರನದು, ಮಾಲೀಕನದಲ್ಲ. ನೀನೂ ಒಂದಿಷ್ಟು ಅಜಾಗರೂಕನಾಗಿದ್ದೆ. ಮೂರರಲ್ಲಿ ಒಂದು ನಿಂತರೂ ಸಾಕಿತ್ತು, ಕೇಸು ಬಿದ್ದುಹೋಗುತ್ತಿತ್ತು.

ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುವ ಕಾನೂನನ್ನು ಜರ್ಮನಿ 1884ರಲ್ಲಿ, ಬ್ರಿಟನ್ 1897ರಲ್ಲಿ ಮಾಡಿದವು. ನಮ್ಮ ದೇಶಕ್ಕೆ ಅದು 1923ರಲ್ಲಿ ಬಂತು. ಅಮೆರಿಕದಲ್ಲಿ ನ್ಯೂಯಾರ್ಕ್ ರಾಜ್ಯ 1910ರಲ್ಲಿ ಇಂಥದೊಂದು ಕಾಯ್ದೆ ತಂದಿತು. ಮಾಲೀಕನ ಆಸ್ತಿಯನ್ನು ಹೀಗೆ ಕಿತ್ತುಕೊಳ್ಳುವಂತಿಲ್ಲ ಎಂದು ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ 1911ರ ಮಾರ್ಚ್ 24ರಂದು ಅದನ್ನು ರದ್ದುಮಾಡಿತು. ಮರುದಿನವೇ ನ್ಯೂಯಾರ್ಕ್ ನಗರದ ಟ್ರಯಾಂಗಲ್ ಶರ್ಟ್‌ವೇಸ್ಟ್ ಎಂಬ ಗಾರ್ಮೆಂಟ್ ಫ್ಯಾಕ್ಟರಿಗೆ ಬೆಂಕಿ ಬಿದ್ದು 146 ಜನ ಸತ್ತರು. ಹೆಚ್ಚಿನವರು ವಲಸೆ ಬಂದ ಕುಟುಂಬಗಳ ಹೆಣ್ಣುಮಕ್ಕಳು. ನ್ಯೂಯಾರ್ಕ್ ತನ್ನ ಸಂವಿಧಾನವನ್ನೇ ತಿದ್ದಿ ಮತ್ತೆ ಕಾಯ್ದೆ ತರಬೇಕಾಯಿತು. ಅಷ್ಟರೊಳಗೆ, 1911ರ ಮೇ ತಿಂಗಳಲ್ಲೇ, ವಿಸ್ಕಾನ್ಸಿನ್ ತನ್ನ ಕಾಯ್ದೆಯನ್ನು ಜಾರಿಗೆ ತಂದಾಗಿತ್ತು. ಒಂದೊಂದಾಗಿ ಉಳಿದ ರಾಜ್ಯಗಳೂ ಬಂದವು; ಕೊನೆಯದಾಗಿ ಮಿಸಿಸಿಪಿ, 1948ರಲ್ಲಿ.

ಒಪ್ಪಂದ ಇಷ್ಟೇ: ಕೆಲಸಗಾರ ಮಾಲೀಕನ ಮೇಲೆ ದಾವೆ ಹೂಡುವ ಹಕ್ಕು ಬಿಡಬೇಕು, ಮಾಲೀಕ ತಕರಾರಿಲ್ಲದೆ ನಿಗದಿಯಾದ ಹಣ ಕೊಡಬೇಕು. ಆದರೆ ಎಷ್ಟು ಹಣ, ಎಷ್ಟು ವಾರ, ಯಾವ ವೈದ್ಯರು, ಆಸ್ಪತ್ರೆಗೆ ಯಾವ ದರ? ಇದನ್ನೆಲ್ಲ ಆಯಾ ರಾಜ್ಯದ ಶಾಸನಸಭೆಯೇ ತೀರ್ಮಾನಿಸುತ್ತದೆ. ಎಲ್ಲ ರಾಜ್ಯಗಳಿಗೂ ಒಂದು ಕನಿಷ್ಠ ಮಟ್ಟ ಇರಲೆಂದು ರಾಷ್ಟ್ರೀಯ ಆಯೋಗವೊಂದು 1972ರಲ್ಲಿ 19 ಅಗತ್ಯ ಶಿಫಾರಸುಗಳನ್ನು ಮಾಡಿತು. ಕೇಂದ್ರ ಅವನ್ನು ಕಡ್ಡಾಯ ಮಾಡಲೇ ಇಲ್ಲ.

ಹಾಗಾಗಿ ಮಸೂದೆಯಲ್ಲಿ ಒಂದು ಪದ ಆಚೀಚೆ ಆದರೂ ವಿಮಾ ಕಂಪನಿಗೋ ಆಸ್ಪತ್ರೆಗೋ ವಕೀಲರಿಗೋ ಕೋಟಿಗಟ್ಟಲೆ ವ್ಯತ್ಯಾಸ. ಅದಕ್ಕೆ ಕೈಯೆತ್ತುವ ಶಾಸಕರಾದರೂ ಯಾರು? ಅನೇಕ ರಾಜ್ಯಗಳಲ್ಲಿ ಶಾಸಕಗಿರಿ ಪೂರ್ಣಾವಧಿ ಕೆಲಸವೇ ಅಲ್ಲ. ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಶಾಸಕರ ಸಂಬಳ ವರ್ಷಕ್ಕೆ 100 ಡಾಲರ್! ಹೊಟ್ಟೆಪಾಡಿಗೆ ಅವರಲ್ಲಿ ಅನೇಕರು ವಿಮಾ ಏಜೆಂಟರೋ ವಕೀಲರೋ ಕಾರ್ಖಾನೆ ಮಾಲೀಕರೋ ಇನ್ನೇನೋ ಆಗಿರುತ್ತಾರೆ. ತನ್ನ ಇಡೀ ವೃತ್ತಿಗೆ ಆಗುವ ಲಾಭವೇ ಶಾಸಕನಿಗೂ ಆಗುವುದಾದರೆ ಆತ ಮತ ಹಾಕಬಹುದು ಎನ್ನುತ್ತವೆ ಹಲವು ರಾಜ್ಯಗಳ ನಿಯಮ. ಕೇಳಲು ನ್ಯಾಯವೆನಿಸುತ್ತದೆ. ಆದರೆ ತಕ್ಕಡಿ ಹಿಡಿದವನೂ ವ್ಯಾಪಾರಿಯೇ ಆಗಿಬಿಟ್ಟರೆ, ಕೈ ಕಳೆದುಕೊಂಡವನ ಪಾಲನ್ನು ತೂಗುವವರು ಯಾರು?

ಕ್ಯಾಲಿಫೋರ್ನಿಯಾದ ಕಥೆ ಕೇಳಿ. ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿ ಆ ರಾಜ್ಯದ ರಾಜಕೀಯವನ್ನೇ ಮುಷ್ಟಿಯಲ್ಲಿಟ್ಟುಕೊಂಡಿತ್ತು. ಆ ಹಿಡಿತ ಬಿಡಿಸುತ್ತೇನೆಂದು ಹೈರಮ್ ಜಾನ್ಸನ್ 1910ರಲ್ಲಿ ಗವರ್ನರ್ ಚುನಾವಣೆ ಗೆದ್ದರು. ಮರುವರ್ಷವೇ ಪರಿಹಾರ ಕಾಯ್ದೆ ಬಂತು. 1913ರಲ್ಲಿ ಅದು ಕಡ್ಡಾಯವಾಯಿತು.

ಸುಮಾರು ನೂರು ವರ್ಷ ಕಳೆಯಿತು. ಅದೇ ರಾಜ್ಯದ ಲಾಂಗ್ ಬೀಚ್‌ನಲ್ಲಿ ಮೈಕೆಲ್ ಡ್ರೋಬಾಟ್ ಎಂಬಾತನ ಆಸ್ಪತ್ರೆ. ಕೆಲಸದಲ್ಲಿ ಬೆನ್ನಿಗೆ ಪೆಟ್ಟಾದವರಿಗೆ ಅಲ್ಲಿ ಶಸ್ತ್ರಚಿಕಿತ್ಸೆ. ಆಪರೇಷನ್ನಿಗೆ ನಿಗದಿತ ದರವಿತ್ತು. ಆದರೆ ಬೆನ್ನುಮೂಳೆಗೆ ಹಾಕುವ ಸ್ಕ್ರೂ, ರಾಡು, ಪ್ಲೇಟುಗಳ ಬೆಲೆಯನ್ನು ಅದರ ಮೇಲೆ ಪ್ರತ್ಯೇಕವಾಗಿ ವಿಮಾ ಕಂಪನಿಯಿಂದ ವಸೂಲು ಮಾಡಲು ಕಾನೂನಿನಲ್ಲೇ ಅವಕಾಶವಿತ್ತು. ಬೆಲೆ ಏರಿಸಿದ ಬಿಲ್ಲುಗಳು ಹೋದವು. ರೋಗಿಗಳನ್ನು ಕಳಿಸಿದ ವೈದ್ಯರು ಮುಂತಾದವರಿಗೆ ಸೊಂಟದ ಆಪರೇಷನ್ನಿಗೆ 15,000, ಕತ್ತಿನದಕ್ಕೆ 10,000 ಡಾಲರ್ ಕಮಿಷನ್. ಈ ಜಾಲದ ಒಟ್ಟು ಬಿಲ್ಲು 50 ಕೋಟಿ ಡಾಲರಿಗೂ ಮೇಲೆ.

ಆ ಕಾನೂನು ಹಾಗೇ ಉಳಿಯಬೇಕಿತ್ತು. ಅದಕ್ಕೆ ರಾಜ್ಯ ಸೆನೆಟ್ ಸದಸ್ಯ ರಾನ್ ಕಾಲ್ಡೆರಾನ್ ಬೇಕಾಗಿದ್ದರು. ಡ್ರೋಬಾಟ್ ಆ ಸೆನೆಟರ್ ಮಗನಿಗೆ ಬೇಸಿಗೆ ರಜೆಯಲ್ಲಿ ಗುಮಾಸ್ತೆಯ ಕೆಲಸ ಕೊಟ್ಟ. ಫೈಲು ಜೋಡಿಸುವ ಕೆಲಸ, ಒಂದು ಬೇಸಿಗೆಗೆ 10,000 ಡಾಲರ್, ದುಡಿದದ್ದು ಸುಮಾರು ಹದಿನೈದು ದಿನ! ಮಗ ಓದುವ ಹುಡುಗ, ನಾಲ್ಕು ಕಾಸು ದುಡಿಯಲಿ ಎಂದರೆ ಯಾರು ಆಕ್ಷೇಪಿಸುತ್ತಾರೆ? ಲಂಚ ಇಷ್ಟು ಮರ್ಯಾದಸ್ಥ ವೇಷದಲ್ಲಿ ಬರುತ್ತದೆ.

2012ರ ಸುಧಾರಣಾ ಕಾಯ್ದೆ ಆ ಪ್ರತ್ಯೇಕ ಬಿಲ್ಲಿನ ಅವಕಾಶವನ್ನು ತೆಗೆಯಿತು. 2013ರ ಜೂನ್‌ನಲ್ಲಿ ಎಫ್‌ಬಿಐ ಸೆನೆಟರ್ ಕಚೇರಿಯನ್ನು ಜಾಲಾಡಿತು. ಕಾಲ್ಡೆರಾನ್ 2016ರಲ್ಲಿ ತಪ್ಪೊಪ್ಪಿಕೊಂಡರು, 42 ತಿಂಗಳ ಜೈಲು. 2018ರಲ್ಲಿ ಡ್ರೋಬಾಟ್‌ಗೆ 63 ತಿಂಗಳು.

ಲಂಚ ಸಿಕ್ಕಿಬಿದ್ದರೆ ಜೈಲು ಇದೆ. ಆದರೆ ತನ್ನ ವೃತ್ತಿಗೆ ಲಾಭವಾಗುವ ಮಸೂದೆಗೆ ಪ್ರಾಮಾಣಿಕವಾಗಿಯೇ ಕೈಯೆತ್ತುವ ಶಾಸಕನನ್ನು ಹಿಡಿಯುವ ಪೊಲೀಸರಿಲ್ಲ. ನಮ್ಮಲ್ಲೂ ಲೋಕಸಭೆಯ ನಿಯಮದಂತೆ, ನೇರವಾದ ಹಣಕಾಸಿನ ಹಿತಾಸಕ್ತಿ ಇರುವ ಸದಸ್ಯನ ಮತವನ್ನು ಪ್ರಶ್ನಿಸಬಹುದು. ರಾಜ್ಯಸಭೆಯಲ್ಲಿ ಸದಸ್ಯರ ಹಿತಾಸಕ್ತಿಗಳ ದಾಖಲೆ ಪುಸ್ತಕವೇ ಇದೆ. ಚುನಾವಣೆ ಬಂದಾಗ ಅಭ್ಯರ್ಥಿಗಳ ಆಸ್ತಿ ಎಷ್ಟೆಂದು ಪತ್ರಿಕೆಗಳು ಬರೆಯುತ್ತವೆ. ಆಸ್ತಿ ಘೋಷಿಸಲು ಅವರು ಸಲ್ಲಿಸುವ ಅದೇ ಪ್ರಮಾಣಪತ್ರದಲ್ಲಿ ವೃತ್ತಿ, ಆದಾಯದ ಮೂಲ ಎಂಬ ಕಲಮುಗಳೂ ಇರುತ್ತವೆ. ಮುಂದಿನ ಸಲ ದಯವಿಟ್ಟು ಅವನ್ನೂ ಓದಿ ನೋಡಿ.