ಇಂಜಿನ್ ಮನೆಗೆ ತಂಪು ಗಾಳಿ



ಬೇಸಿಗೆಯಲ್ಲಿ ಡೀಸೆಲ್ ಪಂಪ್‌ಸೆಟ್ ಬೆಳಿಗ್ಗೆ ಚೆನ್ನಾಗಿ ನೀರೆತ್ತಿ, ಮಧ್ಯಾಹ್ನದ ಹೊತ್ತಿಗೆ ಕಪ್ಪು ಹೊಗೆ ಉಗುಳುವುದುಂಟು. ರೈತರು ಡೀಸೆಲನ್ನು ದೂರುತ್ತಾರೆ. ಅನೇಕ ವೇಳೆ ದೋಷವಿರುವುದು ಗಾಳಿಯಾಡದ ಇಂಜಿನ್ ಮನೆಯಲ್ಲಿ.

ಗಾಳಿ ಕಾದರೆ ಹಿಗ್ಗಿ ತೆಳುವಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಗಾಳಿ 60 ಡಿಗ್ರಿಗೆ ಏರಿದರೆ, ಅಷ್ಟೇ ಗಾತ್ರದ ಗಾಳಿಯ ತೂಕ ನೂರಕ್ಕೆ ಸುಮಾರು 9 ಪಾಲು ಇಳಿಯುತ್ತದೆ. ಆಮ್ಲಜನಕವೂ ಅದೇ ಪ್ರಮಾಣದಲ್ಲಿ ತಗ್ಗುವುದರಿಂದ ಡೀಸೆಲ್ ಪೂರ್ತಿ ಉರಿಯದೆ ಹೊಗೆಯಾಗುತ್ತದೆ, ಶಕ್ತಿ ಕುಗ್ಗುತ್ತದೆ.

ಇದಕ್ಕೆ ಪರಿಹಾರಗಳು ಸುಲಭ:

1. ಇಂಜಿನ್ ಮನೆಗೆ ಎದುರುಬದುರು ಕಿಟಕಿ, ಸೂರಿನಡಿ ಕಿಂಡಿ ಇರಬೇಕು.

2. ಗಾಳಿ ಶೋಧಕಕ್ಕೆ ನೆರಳಿನ ಕಡೆಯ ಹೊರಗಾಳಿ ಸಿಗಬೇಕು. ಕೊಳವೆ ಜೋಡಿಸಿದರೆ ಅದು ಕಿರಿದಾಗಿರಬಾರದು, ಕೀಲುಗಳಲ್ಲಿ ಸೋರಬಾರದು.

3. ಹೊಗೆ ಕೊಳವೆಯನ್ನು ಕಿಟಕಿಯಿಂದ ದೂರಕ್ಕೆ, ಹೊರಗೆ ಒಯ್ಯಬೇಕು. ಒಳಗಿನ ಭಾಗಕ್ಕೆ ಗಾಜಿನ ನಾರಿನ ಪಟ್ಟಿ ಸುತ್ತಬಹುದು. ಕಲ್ನಾರು ಶ್ವಾಸಕೋಶಕ್ಕೆ ಕೇಡು, ಬಳಸಬಾರದು.

4. ಇಂಜಿನ್ ನಿಂತೊಡನೆ ತಂಪು ನೀರಿನ ಹರಿವೂ ನಿಲ್ಲುತ್ತದೆ. ಕಾದ ಕಬ್ಬಿಣದ ಬಿಸಿ ಗಾಳಿಯ ಕೊಳವೆಗೂ ಹರಡುತ್ತದೆ. ಆದ್ದರಿಂದ ನಿಲ್ಲಿಸುವ ಮುನ್ನ ವೇಗ ತಗ್ಗಿಸಿ ಕೆಲವು ನಿಮಿಷ ಓಡಿಸಬೇಕು.

ಮುಖ್ಯವಾದ ಮಾತು ಇನ್ನೊಂದಿದೆ. ಇಂಜಿನ್ನಿನ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಾಪಾಯಕಾರಿ. ನೀರು ಆಳಕ್ಕಿಳಿಯಿತೆಂದು ಇಂಜಿನ್ನನ್ನು ಬಾವಿಯೊಳಗಿಟ್ಟು ನಡೆಸಲೇಬಾರದು. ಇಂಜಿನ್ನಿಗೆ ಒಳ್ಳೆಯ ಗಾಳಿ ಬರುವ ಕಿಟಕಿಯೇ ಅದನ್ನು ನಡೆಸುವವನ ಜೀವವನ್ನೂ ಕಾಯುತ್ತದೆ.