ಸಾಲ ಕೊಟ್ಟವರ ಹೊಣೆ

1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆ ಎಂಬ ಊರಿನಲ್ಲಿ ಸುತ್ತಮುತ್ತಲ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಲೆಕ್ಕದ ಪುಸ್ತಕ ಕೊಡಿ, ಸಾಲಪತ್ರ ಕೊಡಿ ಎಂದು ಪಟ್ಟುಹಿಡಿದು, ಕೈಗೆ ಸಿಕ್ಕಿದ್ದನ್ನೆಲ್ಲ ಸುಟ್ಟರು.

ಕಾಗದದ ಮೇಲೇಕೆ ಅಷ್ಟು ಸಿಟ್ಟು? 1855ರ ಕಾಯಿದೆಯೊಂದು ಬಡ್ಡಿದರಕ್ಕಿದ್ದ ಮಿತಿಯನ್ನು ಕಿತ್ತುಹಾಕಿತ್ತು. 1859ರಲ್ಲಿ ಬಂದ ಕಾಲಮಿತಿ ಕಾಯಿದೆ ಸಾಲಪತ್ರಕ್ಕೆ ಮೂರೇ ವರ್ಷದ ಆಯಸ್ಸು ಕೊಟ್ಟಿತು. ಬಡ್ಡಿ ಬೆಟ್ಟವಾಗದಿರಲಿ ಎಂಬುದು ಸರ್ಕಾರದ ಉದ್ದೇಶ. ಆದದ್ದೇ ಬೇರೆ. ಮೂರು ವರ್ಷ ತುಂಬುತ್ತಲೇ ಸಾಹುಕಾರ ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸುತ್ತಿದ್ದ. ಓದು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ. ಕಟ್ಟಿದ ಹಣಕ್ಕೆ ರಸೀದಿ ಕೇಳಿದರೆ ಸಿಗುತ್ತಿರಲಿಲ್ಲ.

ನನಗೆ ಸಂಕಟವಾಗುವುದು ಇಲ್ಲಿಯೇ. ರಸೀದಿ ಕೊಡಬೇಕೆಂಬ ಕಟ್ಟಳೆ ನಮ್ಮಲ್ಲಿ ಎಷ್ಟೋ ಶತಮಾನ ಹಿಂದೆಯೇ ಇತ್ತು. ಕಂತು ಕಟ್ಟಿದಾಗಲೆಲ್ಲ ಸಾಲಪತ್ರದ ಬೆನ್ನಿಗೆ ಬರೆಯಬೇಕು, ಇಲ್ಲವೇ ಸಾಲ ಕೊಟ್ಟವನು ಸ್ವಂತ ಕೈಬರಹದ ಗುರುತಿರುವ ರಸೀದಿ ಕೊಡಬೇಕು, ಸಾಲ ತೀರಿದ ಮೇಲೆ ಪತ್ರ ಹರಿಯಬೇಕು ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಅದಕ್ಕೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು. ಆ ಸ್ಮೃತಿಯಲ್ಲಿ ಬಡ್ಡಿಯ ದರವೂ ಇದೆ: ಕಾಡು ಹಾದು ಹೋಗುವ ವ್ಯಾಪಾರಿಗೆ ತಿಂಗಳಿಗೆ ನೂರಕ್ಕೆ 10, ಕಡಲು ದಾಟುವವನಿಗೆ 20 ಬಡ್ಡಿ. ಸರಕಿನ ಜೊತೆ ಅಸಲೂ ಮುಳುಗೀತೆಂಬ ಭಯಕ್ಕೆ ತೆರುವ ಬೆಲೆ ಅದು. ಅದೇ ಸ್ಮೃತಿ ವರ್ಣ ನೋಡಿ ಬಡ್ಡಿ ಏರಿಸಿ, ಶೂದ್ರನ ಮೇಲೆ ಹೆಚ್ಚು ಹೊರೆ ಹೊರಿಸಿತು. ಅದನ್ನು ಮುಚ್ಚಿಟ್ಟು ಹೊಗಳುವುದು ನನ್ನಿಂದಾಗದು.

ದಾಮ್‌ದುಪ್ಪಟ್ ಎಂಬ ಇನ್ನೊಂದು ನಿಯಮವಿತ್ತು. ಒಮ್ಮೆಗೆ ವಸೂಲು ಮಾಡುವ ಬಾಕಿ ಬಡ್ಡಿ ಅಸಲನ್ನು ಮೀರಕೂಡದು. ಬ್ರಿಟಿಷರ ಕಾಲದಲ್ಲೂ ಮುಂಬಯಿಯ ನ್ಯಾಯಾಲಯಗಳು ಇದನ್ನು ಹಿಂದೂ ಸಾಲಿಗರಿಗೆ ಅನ್ವಯಿಸಿದವು. ಆದರೆ ಬಡ್ಡಿಯೇ ಹೊಸ ಪತ್ರದಲ್ಲಿ ಅಸಲಾಗಿ ಕೂತುಬಿಟ್ಟರೆ ಆ ನಿಯಮ ಏನು ಮಾಡೀತು?

ಸೂಪೆಯ ಬೆಂಕಿ ಸರ್ಕಾರಕ್ಕೆ ತಟ್ಟಿತು. ದಖ್ಖನಿನ ರೈತರಿಗಾಗಿ 1879ರಲ್ಲಿ ಬಂದ ಪರಿಹಾರ ಕಾಯಿದೆ, ಪತ್ರದಲ್ಲಿ ಬರೆದ ಮೊತ್ತಕ್ಕೇ ಕಟ್ಟುಬೀಳದೆ ಲೆಕ್ಕವನ್ನು ಮೊದಲಿನಿಂದ ಕೆದಕಿ ನೋಡುವ ಅಧಿಕಾರವನ್ನು ನ್ಯಾಯಾಧೀಶನಿಗೆ ಕೊಟ್ಟಿತು. ಸಾಲದ ಡಿಕ್ರಿಗಾಗಿ ರೈತನನ್ನು ಸೆರೆಗೆ ಹಾಕುವುದನ್ನೂ ತಡೆಯಿತು.

ಉಳಿದವರಿಗೆ ಸೆರೆಯ ಭಯ ತಪ್ಪಲಿಲ್ಲ. ಸಾಲಿಗನನ್ನು ಸಿವಿಲ್ ಜೈಲಿಗೆ ಕಳಿಸುವ ಅವಕಾಶ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇಂದಿಗೂ ಇದೆ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದಕ್ಕೆ ಬೇಲಿ ಹಾಕಿದರು: ಕೈಯಲ್ಲಿ ಹಣವಿಲ್ಲವೆಂಬ ಕಾರಣಕ್ಕೆ ಸೆರೆಯಿಲ್ಲ, ಇದ್ದೂ ಕೊಡದ ದುರ್ಬುದ್ಧಿ ಸಾಬೀತಾಗಬೇಕು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತೀರ್ಪಿಲ್ಲ.

ಸ್ನೇಹಿತನ ಸಾಲಕ್ಕೆ ಜಾಮೀನು ನಿಂತವರೂ ಒಂದು ಮಾತು ತಿಳಿದಿರಬೇಕು. 1872ರ ಕರಾರು ಕಾಯಿದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಿಗನಷ್ಟೇ ದೊಡ್ಡದು. ಆದರೆ ಅವನ ಒಪ್ಪಿಗೆಯಿಲ್ಲದೆ ಷರತ್ತು ಬದಲಾಯಿಸಿದರೆ, ಅಲ್ಲಿಂದ ಮುಂದಿನ ವ್ಯವಹಾರಕ್ಕೆ ಅವನು ಹೊಣೆಯಲ್ಲ.

ಹಣ ಬರಬೇಕಾದವರು ಯಾವಾಗಲೂ ಬಲಾಢ್ಯರೇ ಆಗಿರಬೇಕೆಂದಿಲ್ಲ. ಬೆಂಗಳೂರಿನ ಪೀಣ್ಯದ ಸಣ್ಣ ಲೇತ್ ಕಾರ್ಖಾನೆಯವರು ದೊಡ್ಡ ಕಂಪನಿಗೆ ಬಿಡಿಭಾಗ ಕೊಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ. ಅಂಥವರಿಗಾಗಿ ಬಂದ 2006ರ ಸಣ್ಣ ಉದ್ದಿಮೆಗಳ ಕಾಯಿದೆ, 45 ದಿನ ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದಿದೆ. ದೊಡ್ಡ ಗಿರಾಕಿ ಕೈತಪ್ಪೀತೆಂಬ ಅಳುಕು ಬಿಟ್ಟು ಇದನ್ನು ಕೇಳಿ ಪಡೆಯಬೇಕು.

ಸಾಲ ತೀರಿದ ಮೇಲಿನ ಪತ್ರದ ಮಾತಿಗೆ ಮರಳಿದರೆ, ರಿಸರ್ವ್ ಬ್ಯಾಂಕಿನ ಆದೇಶವೊಂದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಮನೆ ಸಾಲದಂಥ ವೈಯಕ್ತಿಕ ಸಾಲ ಪೂರ್ತಿ ತೀರಿದ 30 ದಿನದೊಳಗೆ ಆಸ್ತಿಯ ಮೂಲಪತ್ರಗಳನ್ನು ಮರಳಿಸಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಸಾಲ ತೀರಿಸಿಯೂ ಪತ್ರ ಕೈಸೇರದವರು ಬ್ಯಾಂಕಿಗೆ ಹೋಗಿ ಲಿಖಿತವಾಗಿ ಕೇಳಿ, ಅರ್ಜಿ ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.