ಒಂದೇ ಮಂಚದ ರೂಮು



ಬೆಂಗಳೂರಿನಲ್ಲಿ ಪ್ರವಾಸ ಏರ್ಪಡಿಸುವ ಕೆಲಸದಲ್ಲಿ ನಾನು ಇಪ್ಪತ್ತು ವರ್ಷ ಕಳೆದಿದ್ದೇನೆ. ಕೆಲವು ವರ್ಷದ ಹಿಂದಿನ ಮಾತು. ಒಂದು ಶನಿವಾರ ಆಫೀಸು ಮುಚ್ಚುವ ಹೊತ್ತಿಗೆ ಒಬ್ಬ ಹುಡುಗ ಬಂದ. ಗೆಳೆಯನ ಜೊತೆ ಕರಾವಳಿಯ ಒಂದು ರೆಸಾರ್ಟಿನಲ್ಲಿ ಮೂರು ರಾತ್ರಿ ಉಳಿಯಬೇಕು ಎಂದ. ಫಾರಂ ತುಂಬಿದ್ದಾಯಿತು, ಹಣ ಕಟ್ಟಿದ್ದಾಯಿತು. ಬಾಗಿಲವರೆಗೆ ಹೋದವನು ಮತ್ತೆ ತಿರುಗಿ ಬಂದು, ದನಿ ತಗ್ಗಿಸಿ ಕೇಳಿದ: "ಮೇಡಂ, ಒಂದೇ ಮಂಚದ ರೂಮು ಅಂತ ಬರೆಸೋಕಾಗುತ್ತಾ?"

ಬರೆಸಿದೆ. ಅವರು ರಾತ್ರಿ ಎಂಟಕ್ಕೆ ಅಲ್ಲಿ ತಲುಪಿದಾಗ ರೂಮಿನಲ್ಲಿ ಎರಡು ಮಂಚ ಆ ಗೋಡೆಗೊಂದು ಈ ಗೋಡೆಗೊಂದು ಇದ್ದವು. ಇಬ್ಬರು ಗಂಡಸರ ಹೆಸರು ನೋಡಿ ಬುಕಿಂಗಿನಲ್ಲಿ ಏನೋ ತಪ್ಪಾಗಿದೆ ಎಂದುಕೊಂಡು ಕೌಂಟರಿನವರೇ ಬದಲಾಯಿಸಿದ್ದರು. ಹೋಗಿ ಕೇಳಿದರೆ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರಂತೆ. ಮೂರು ರಾತ್ರಿಗೆಂದು ಹೋದ ಹುಡುಗರು ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತಿ ವಾಪಸು ಬಂದರು. ಆ ನಗು ನನಗೆ ಇವತ್ತಿಗೂ ಚುಚ್ಚುತ್ತದೆ. ಆ ಜಾಗವನ್ನು ಆರಿಸಿಕೊಟ್ಟವಳು ನಾನು.

ಸಲಿಂಗಿಗಳು, ದ್ವಿಲಿಂಗಿಗಳು, ಟ್ರಾನ್ಸ್‌ಜೆಂಡರ್ ಸಮುದಾಯದವರು ರಜೆಗೆ ಊರು ಆರಿಸುವಾಗ ಏನು ನೋಡಬೇಕು ಎಂಬುದನ್ನು ನಾನು ಅಲ್ಲಿಂದ ಮುಂದೆ ಕಲಿಯಲು ಕುಳಿತೆ. ಆ ಕಲಿಕೆಯಲ್ಲಿ ಸ್ವಲ್ಪವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಕಾನೂನು. ನಮ್ಮವರಿಗೆ ಇಷ್ಟವಾದ ಒಂದು ಪ್ಯಾಕೇಜ್ ಇದೆ, ಸಿಂಗಪುರ ಮತ್ತು ಮಲೇಷ್ಯಾ ಸೇರಿಸಿದ್ದು. ಎರಡು ದೇಶದ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ರೂಢಿಯಾಗಿಬಿಟ್ಟಿದೆ. ಈ ಪ್ಯಾಕೇಜಿನ ಹಿಂದೆ ನಮ್ಮದೇ ಒಂದು ಹಳೆಯ ಸಂಖ್ಯೆ ಇದೆ: 377. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿ ಬ್ರಿಟಿಷರು 1860ರಲ್ಲಿ ನಮ್ಮ ದಂಡಸಂಹಿತೆಯಲ್ಲಿ ಬರೆದ ಸೆಕ್ಷನ್ ಅದು. ಅದೇ ಸಂಹಿತೆಯನ್ನು ಮಾದರಿಯಾಗಿಟ್ಟುಕೊಂಡು ತಮ್ಮ ಬೇರೆ ವಸಾಹತುಗಳಿಗೂ ಕಾನೂನು ಮಾಡಿದರು. ಹಾಗಾಗಿ ಸಿಂಗಪುರದಲ್ಲೂ 377, ಮಲೇಷ್ಯಾದಲ್ಲೂ 377. ವಯಸ್ಕರಿಬ್ಬರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೇಳಿತು. ಸಿಂಗಪುರದ ಸಂಸತ್ತು 2022ರ ನವೆಂಬರಿನಲ್ಲಿ ತನ್ನ 377ಎ ಅನ್ನು ತೆಗೆದುಹಾಕಿತು. ಮಲೇಷ್ಯಾದಲ್ಲಿ 377 ಇನ್ನೂ ಇದೆ, ಇಪ್ಪತ್ತು ವರ್ಷದವರೆಗೆ ಜೈಲು ಮತ್ತು ಬೆತ್ತದ ಏಟಿನ ಸಮೇತ. ಸಿಂಗಪುರದಿಂದ ಮಲೇಷ್ಯಾದ ಜೋಹೋರ್ ಬಾರುವಿಗೆ ಹೋಗುವ ಕಾಸ್‌ವೇ ಒಂದು ಕಿಲೋಮೀಟರಿಗಿಂತ ತುಸು ಉದ್ದ, ಅಷ್ಟೆ. ಬಸ್ಸು ಅದನ್ನು ದಾಟುವಷ್ಟರಲ್ಲಿ ಒಂದೇ ಸೀಟಿನಲ್ಲಿ ಕುಳಿತ ಜೋಡಿಯ ಸಂಬಂಧ ಕಾನೂನಿನ ಕಣ್ಣಿಗೆ ಅಪರಾಧವಾಗಿರುತ್ತದೆ.

ಎಷ್ಟು ಸಣ್ಣ ವಿಷಯಕ್ಕೆ ಅಲ್ಲಿನ ಕಟ್ಟುನಿಟ್ಟು ಇಳಿಯಬಹುದು ಎಂಬುದಕ್ಕೆ ಒಂದು ಉದಾಹರಣೆ. 2023ರ ಮೇ ತಿಂಗಳಲ್ಲಿ ಮಲೇಷ್ಯಾದ ಅಧಿಕಾರಿಗಳು ಸ್ವಾಚ್ ಕಂಪನಿಯ ಅಂಗಡಿಗಳಿಂದ ಈ ಸಮುದಾಯಗಳ ಗುರುತಾದ ಕಾಮನಬಿಲ್ಲಿನ ಬಣ್ಣದ 172 ವಾಚುಗಳನ್ನು ಹೊತ್ತೊಯ್ದರು. ಆಗಸ್ಟಿನಲ್ಲಿ ಆ ವಾಚುಗಳಿಗೆ ನಿಷೇಧವೇ ಬಂತು. ಕಟ್ಟಿಕೊಂಡವರಿಗೂ ಮೂರು ವರ್ಷದವರೆಗೆ ಜೈಲು ಎಂದರು. ಮುಟ್ಟುಗೋಲು ಹಾಕಿದ ವಾಚುಗಳನ್ನು ಹಿಂದಿರುಗಿಸುವಂತೆ ಮುಂದಿನ ವರ್ಷ ಅಲ್ಲಿನ ಹೈಕೋರ್ಟು ಆದೇಶಿಸಿತು, ನಿಜ. ಆದರೂ ಮುಂಗೈ ನೋಡುವ ದೇಶಕ್ಕೆ ಹೋಗುತ್ತಿದ್ದೇವೆ ಎಂಬುದು ಹೋಗುವವರಿಗೆ ಮುಂಚೆಯೇ ತಿಳಿದಿರಬೇಕಲ್ಲವೆ?

ಕ್ವಾಲಾಲಂಪುರಕ್ಕೆ ಹೋಗಿ ಸುಖವಾಗಿ ಬಂದ ಜೋಡಿಗಳು ನನಗೆ ಗೊತ್ತು. ಎಲ್ಲ ನೆಟ್ಟಗಿರುವ ದಿನ ಕಾನೂನು ಕಣ್ಣಿಗೆ ಬೀಳುವುದಿಲ್ಲ. ಪರ್ಸು ಕಳೆದು ಪೊಲೀಸ್ ಠಾಣೆಗೆ ಹೋಗಬೇಕಾದಾಗ, ಯಾರೋ ಬೆದರಿಸಿ ದುಡ್ಡು ಕಿತ್ತಾಗ ದೂರು ಕೊಡಲು ಧೈರ್ಯ ಸಾಲುವುದಿಲ್ಲ. ಜೊತೆಗಾರ ಬಿದ್ದು ಕಾಲು ಮುರಿದುಕೊಂಡಾಗ ಆಸ್ಪತ್ರೆಯಲ್ಲಿ "ನೀವು ಇವರಿಗೆ ಏನಾಗಬೇಕು?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನಿಜ ಹೇಳಲು ಆಗುವ ಊರು ಯಾವುದು ಎಂದು ನಾನು ಮೊದಲು ನೋಡುತ್ತೇನೆ. ಮಧುಚಂದ್ರಕ್ಕೆ ಎಲ್ಲರ ಬಾಯಲ್ಲೂ ಇರುವ ಮಾಲ್ದೀವ್ಸ್‌ನಲ್ಲಿ ಸಲಿಂಗ ಸಂಬಂಧ ಅಪರಾಧ. ನೀಲಿ ಸಮುದ್ರದ ಫೋಟೋ ಅದನ್ನು ಹೇಳುವುದಿಲ್ಲ. ಶ್ರೀಲಂಕಾದಲ್ಲಿಯೂ 1883ರ ದಂಡಸಂಹಿತೆಯ ಸೆಕ್ಷನ್‌ಗಳು ಉಳಿದಿವೆ. ಯುರೋಪಿಗೆ ಹೋಗುವವರೂ ವಿಮಾನ ಬದಲಿಸಲು ಇಳಿಯುವ ಊರಿನ ಕಾನೂನನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಎಲ್ಲಿಗೆ ಹೋಗಬಹುದು? ಥಾಯ್ಲೆಂಡಿನಲ್ಲಿ 2025ರ ಜನವರಿ 23ರಿಂದ ಸಲಿಂಗ ವಿವಾಹಕ್ಕೆ ಕಾನೂನಿನ ಮನ್ನಣೆ ಇದೆ. ಆಗ್ನೇಯ ಏಷ್ಯಾದಲ್ಲಿ ಈ ಕೆಲಸ ಮಾಡಿದ ಮೊದಲ ದೇಶ ಅದು. ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನವೂ ಇದೆ. ಆದರೆ ಅಲ್ಲಿನ ಟ್ರಾನ್ಸ್‌ಜೆಂಡರ್ ಪ್ರಜೆಗಳಿಗೆ ಗುರುತಿನ ಚೀಟಿಯಲ್ಲಿ ಲಿಂಗ ಬದಲಿಸಿಕೊಳ್ಳುವ ಕಾನೂನು ಇನ್ನೂ ಆಗಿಲ್ಲ. ಬೀದಿಯಲ್ಲಿ, ಅಂಗಡಿಯಲ್ಲಿ, ಸಿನಿಮಾದಲ್ಲಿ ಎಲ್ಲೆಲ್ಲೂ ಕಾಣುವ ಜನರಿಗೆ ಕಾಗದದಲ್ಲಿ ಮಾತ್ರ ಜಾಗವಿಲ್ಲ.

ನನ್ನ ಮನಸ್ಸು ಹೆಚ್ಚು ವಾಲುವುದು ನೇಪಾಳದ ಕಡೆಗೆ. ಹೋರಾಟಗಾರ ಸುನಿಲ್ ಬಾಬು ಪಂತ್ ಮತ್ತು ಜೊತೆಗಾರರು ಹೂಡಿದ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2007ರಲ್ಲೇ ಈ ಸಮುದಾಯಗಳ ಹಕ್ಕನ್ನು ಎತ್ತಿಹಿಡಿಯಿತು. 2015ರ ಸಂವಿಧಾನದಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹೆಸರೇ ಬಂತು. 2023ರ ನವೆಂಬರಿನಲ್ಲಿ ಲಮ್ಜುಂಗ್ ಜಿಲ್ಲೆಯಲ್ಲಿ ಅಲ್ಲಿನ ಮೊದಲ ಸಲಿಂಗ ವಿವಾಹ ನೋಂದಣಿಯಾಯಿತು. ಕಾಠ್ಮಂಡುವಿನಲ್ಲಿ ಗಾಯಿ ಜಾತ್ರಾ ಎಂಬ ಹಬ್ಬವಿದೆ. ಹಿಂದಿನ ಒಂದು ವರ್ಷದಲ್ಲಿ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡವರು ಅವರ ನೆನಪಿಗೆ ಹಸುವಿನ ಜೊತೆ, ಇಲ್ಲವೆ ಹಸುವಿನ ವೇಷ ಹಾಕಿದ ಮಕ್ಕಳ ಜೊತೆ ಮೆರವಣಿಗೆ ಹೋಗುತ್ತಾರೆ. ಅದೇ ಹಬ್ಬದಲ್ಲಿ ಈ ಸಮುದಾಯದವರೂ ಬಣ್ಣದ ಬಾವುಟ ಹಿಡಿದು ನಡೆಯುತ್ತಾ ಬಂದಿದ್ದಾರೆ. ಊರಿನ ಹಬ್ಬದೊಳಗೇ ಅವರಿಗೂ ಜಾಗ ಸಿಕ್ಕಿದೆ.

ಟ್ರಾನ್ಸ್‌ಜೆಂಡರ್ ಪ್ರಯಾಣಿಕರ ಕಷ್ಟ ಊರು ಮುಟ್ಟುವ ಮೊದಲೇ ಶುರುವಾಗುತ್ತದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು, ಪರದೆ ಎಳೆದ ಗೂಡು. ಟ್ರೇಯಲ್ಲಿ ಚಪ್ಪಲಿ, ಮೊಬೈಲು, ಬಳೆ ಹಾಕಿ ನಿಂತವರಿಗೆ ಯಾವ ಸಾಲು ಎಂದು ತೀರ್ಮಾನಿಸಲು ಅರೆಗಳಿಗೆಯೂ ಇಲ್ಲ, ಹಿಂದಿನವರು ತಳ್ಳುತ್ತಿರುತ್ತಾರೆ. ನನ್ನ ಬಳಿ ಬರುವವರಿಗೆ ನಾನು ಹೇಳುವುದು ಇಷ್ಟು: ಟಿಕೆಟಿನ ಹೆಸರು ಮತ್ತು ಗುರುತಿನ ಚೀಟಿಯ ಹೆಸರು ಅಕ್ಷರಶಃ ಒಂದಿರಲಿ, ಜಿಲ್ಲಾಧಿಕಾರಿ ಕೊಟ್ಟ ಲಿಂಗತ್ವ ಗುರುತಿನ ಪ್ರಮಾಣಪತ್ರ ಇದ್ದರೆ ಕೈಚೀಲದಲ್ಲೇ ಇರಲಿ. ಇನ್ನು ನಮ್ಮ ಊರುಗಳ ಲಾಡ್ಜುಗಳಲ್ಲಿ ಅವರ ಮುಖ ಕಂಡೊಡನೆ "ರೂಮು ಖಾಲಿ ಇಲ್ಲ" ಎನ್ನುವವರು ಬಹಳ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣಾ ಕಾಯ್ದೆಯ ಪ್ರಕಾರ ಹಾಗೆ ಹೇಳುವಂತಿಲ್ಲ ಎಂಬುದನ್ನು ಲಾಡ್ಜಿನ ಮಾಲೀಕರೂ ಈ ಮಾತು ಕೇಳುತ್ತಿದ್ದರೆ ದಯವಿಟ್ಟು ತಿಳಿದುಕೊಳ್ಳಿ.

ಕಾನೂನು ಸರಿ ಇದ್ದಮೇಲೆ ಉಳಿಯುವುದು ಕೌಂಟರು. ನಮ್ಮಲ್ಲಿ ಇಬ್ಬರು ಗಂಡಸರು ರೂಮು ಕೇಳಿದರೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ, ಮಂಚ ಒಂದೇ ಸಾಕು ಎನ್ನುವ ತನಕ. ಇಬ್ಬರು ಹೆಂಗಸರಾದರೆ "ಜೊತೆಗೆ ಗಂಡಸರು ಯಾರೂ ಬಂದಿಲ್ವಾ?" ಎಂದು ಕೇಳಿಯೇ ಕೇಳುತ್ತಾರೆ. ಇದಕ್ಕೆ ನಾನು ಕಂಡುಕೊಂಡ ದಾರಿ, ಮುಂಚೆಯೇ ಬಿಡಿಸಿ ಬರೆದು ಕೇಳುವುದು. ಬರೆಯುವ ಮೊದಲು ಆ ಇಬ್ಬರ ಒಪ್ಪಿಗೆ ಪಡೆಯುತ್ತೇನೆ. ಅವರ ಬದುಕಿನ ವಿಷಯವನ್ನು ಊರಿಗೆಲ್ಲ ಹಂಚುವ ಹಕ್ಕು ನನಗಿಲ್ಲ. ಆಮೇಲೆ ನೇರವಾಗಿ ಬರೆಯುತ್ತೇನೆ: ಇವರಿಬ್ಬರೂ ಜೋಡಿ, ಒಂದೇ ಮಂಚದ ರೂಮು ಬೇಕು, ನಿಮಗೂ ನಿಮ್ಮ ಕೆಲಸದವರಿಗೂ ಒಪ್ಪಿಗೆಯೇ? ಕೆಲವರು ಉತ್ತರ ಕೊಡುವುದಿಲ್ಲ. ಕೆಲವರು ನಿಯಮ, ಪೊಲೀಸು, ಬೇರೆ ಅತಿಥಿಗಳು ಎಂದು ಸುತ್ತಿ ಬಳಸಿ ಬರೆಯುತ್ತಾರೆ. ಎರಡೂ ನನಗೆ ಉಪಯೋಗದ ಉತ್ತರಗಳೇ. ಜಾಹೀರಾತಿನಲ್ಲಿ ಕಾಮನಬಿಲ್ಲು ಹಾಕಿದ ದೊಡ್ಡ ಹೋಟೆಲುಗಳಿಗೂ ಇದೇ ಪ್ರಶ್ನೆ ಕಳಿಸುತ್ತೇನೆ, ಯಾಕೆಂದರೆ ರಾತ್ರಿ ಪಾಳಿಯ ಹುಡುಗನಿಗೆ ಆ ಜಾಹೀರಾತು ತಲುಪಿರುತ್ತದೆ ಎಂದೇನೂ ಇಲ್ಲ.

ಆ ಹುಡುಗ ಎರಡು ವರ್ಷ ನಮ್ಮ ಆಫೀಸಿನ ಕಡೆ ಬರಲಿಲ್ಲ. ಮೂರನೆಯ ವರ್ಷ ಫೋನು ಮಾಡಿ, "ಮೇಡಂ, ಕೊಡಗು ನೋಡಬೇಕು ಅಂತ ಇವನಿಗೆ ಆಸೆ" ಎಂದ. ನಾಲ್ಕು ಕಡೆ ಬರೆದೆ. ಕಾಫಿ ತೋಟದೊಳಗಿನ ಒಂದು ಹೋಂಸ್ಟೇಯಿಂದ, ಅರವತ್ತು ದಾಟಿದ ಮನೆಯ ಯಜಮಾನಿ ಹತ್ತು ನಿಮಿಷದಲ್ಲಿ ವಾಟ್ಸಾಪಿನಲ್ಲಿ ಉತ್ತರ ಕೊಟ್ಟರು: "ಒಂದೇ ಮಂಚದ ರೂಮು ಇದೆ, ಕಿಟಕಿ ತೋಟದ ಕಡೆಗೆ. ಮಕ್ಕಳು ಮಾಂಸ ತಿಂತಾರಾ? ಕಡಂಬಿಟ್ಟು ಮಾಡಿಸಲಾ, ನೂಲ್‌ಪುಟ್ಟು ಮಾಡಿಸಲಾ?"